ಚಿಲಕದ ಮೇಲಿನ ಕೈ

ನಲವತ್ತಮೂರನೇ ಪುಟದಲ್ಲಿ
ಸುಗುಣಾಬಾಯಿ ಚಿಲಕಕ್ಕೆ ಕೈ ಹಾಕಿದ್ದಾಳೆ.
ಹೊರಗೆ ಯಾರೋ ಕೆಮ್ಮಿದರು.
ಹಿಂದೆ, ಒಲೆಯ ಮೇಲೆ ಹಾಲು.
ಇವತ್ತಿಗೆ ಹನ್ನೊಂದು ದಿನ.

ಮಂಡ್ಯದಲ್ಲಿ ಏಳೂಮುಕ್ಕಾಲರ ರೈಲು ಹತ್ತಿ
ಕಿಟಕಿ ಸಿಕ್ಕರೆ ಕಿಟಕಿ, ಇಲ್ಲದಿದ್ದರೆ ಬಾಗಿಲ ಪಕ್ಕ,
ಪುಸ್ತಕ ಬಿಡಿಸುತ್ತೇನೆ.
'ಹೊರಗೆ ಯಾರೋ ಕೆಮ್ಮಿದರು' –
ಮೋಟರು ಆರಿಸಿದೆನೋ ಇಲ್ಲವೋ.
'ಹೊರಗೆ ಯಾರೋ' –
ಸಿಲಿಂಡರ್ ಬುಕ್ ಮಾಡಬೇಕಿತ್ತು.
'ಹೊರಗೆ' –
ಚೀಲದೊಳಗೆ ಫೋನು ಗುಂಯ್ ಎಂದಿತು, ಅಥವಾ
ಎಂದಂತಾಯಿತು. ತೆಗೆದರೆ ಏನೂ ಇಲ್ಲ.
ಏನೂ ಇಲ್ಲದ್ದನ್ನೇ ನೋಡುತ್ತ ನೋಡುತ್ತ
ಯಲಿಯೂರು ದಾಟಿತು.

ನಾನು ಓದಲಾರದವಳೇನಲ್ಲ.
ಹದಿನಾಲ್ಕರಲ್ಲಿ ಬಚ್ಚಲೊಲೆಯ ಬೆಳಕಿಗೆ ಓದಿ
ಮುಂಗೂದಲು ಸುಟ್ಟುಕೊಂಡವಳು.
ಬೆಲ್ಲದ ಪೊಟ್ಟಣ ಬಿಚ್ಚಿ ಅರ್ಧ ಕಥೆ ಓದಿ
ಉಳಿದರ್ಧ ಸಿಕ್ಕೀತೆಂದು
ಇನ್ನೂ ಕಾಲು ಕೆಜಿ ಬೆಲ್ಲಕ್ಕೆ ಓಡಿದವಳು.
ಈಗ ಸಾಲು ಈ ಬಾಗಿಲಲ್ಲಿ ಹತ್ತುತ್ತೆ
ಆ ಬಾಗಿಲಲ್ಲಿ ಇಳಿದುಹೋಗುತ್ತೆ,
ಟಿಕೆಟ್ಟಿಲ್ಲದವನ ಹಾಗೆ.

ನಮ್ಮ ಬೋಗಿಯಲ್ಲಿ ಎಲ್ಲರೂ ಓದುವವರೇ.
'ಏನು ನಡೀತಿದೆ?' ಅಂದರೆ ಆರೋಗ್ಯವಲ್ಲ, ಕಾದಂಬರಿ.
ಪುಟ್ಟಮಾದಯ್ಯನವರದು ಪತ್ತೇದಾರಿ;
ಕೊನೆಯ ಪುಟ ಮೊದಲು ಓದಿ
ಕೊಲೆಗಾರ ಯಾರಂತ ಗೊತ್ತಾದ ಮೇಲೆ
ನೆಮ್ಮದಿಯಾಗಿ ಶುರುಮಾಡುತ್ತಾರೆ.
ಕೆಂಪಮ್ಮಣ್ಣಿಯವರದು ನಾಲ್ಕು ತಲೆಮಾರು, ಒಂಬೈನೂರು ಪುಟ;
ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ವಂಶವೃಕ್ಷ,
ಸತ್ತವರಿಗೆಲ್ಲ ಸಣ್ಣದೊಂದು ಚುಕ್ಕೆ.
ಕಾಲೇಜಿನ ಇಂಚರಾಳದು ಕಿವಿಯಲ್ಲೇ, ಒಂದೂವರೆ ಪಟ್ಟು ವೇಗ:
'ಅಳೋರು ಬೇಗ ಅತ್ತು ಮುಗಿಸ್ತಾರೆ ಆಂಟಿ.'

ಸುಗುಣಾಬಾಯಿಯನ್ನು ನನಗೆ ಕೊಟ್ಟವಳು ತಸ್ನೀಮ,
ಅಶೋಕ ರಸ್ತೆಯಲ್ಲಿ ರವಿಕೆ ಹೊಲಿಯುವವಳು.
'ಓದು, ಎದೆ ಹಿಂಡಿಬಿಡುತ್ತೆ.'
ಅವಳಿಗೆ ಕೊಟ್ಟದ್ದು ಕೆಂಪಮ್ಮಣ್ಣಿ. ಅವರಿಗೆ ಪುಟ್ಟಮಾದಯ್ಯ.
ದಿನಾ ಕೇಳುತ್ತಾಳೆ, 'ಎಲ್ಲಿಗೆ ಬಂತು?'
'ಬಾಗಿಲ ಹತ್ತಿರ' ಅನ್ನುತ್ತೇನೆ.
ಸುಳ್ಳೇನಲ್ಲ.

ನಿನ್ನೆ ಬ್ಯಾಡರಹಳ್ಳಿಯಲ್ಲಿ ಸಿಗ್ನಲ್ಲಿಗೆ ಕಾದು ನಿಂತಾಗ
ಪುಸ್ತಕ ಕೈಜಾರಿ ಬಿತ್ತು.
ಮೂವತ್ತೊಂದನೇ ಪುಟದಿಂದ ಉದುರಿತು ಪೆನ್ಸಿಲ್ ಸಿಪ್ಪೆ.
ಐವತ್ತೆಂಟರಲ್ಲಿ ಕೆಂಪು ನೂಲು.
ಕಟ್ಟಕಡೆಯ ಪುಟದಲ್ಲಿ, ಅಚ್ಚುಕಟ್ಟಾಗಿ ಮಡಿಸಿದ
ಬ್ಯಾಂಕಿನ ಚಲನ್ನು.
ನಡುವೆ ಹಾಳೆಗಳೆಲ್ಲ ಗರಿಗರಿ;
ಎರಡಂತೂ ಬೈಂಡಿಂಗಿನವನು ಕತ್ತರಿಸಲು ಮರೆತು
ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ತಸ್ನೀಮಳ ಮುಖ ನೋಡಿದೆ.
'ಮುಗಿಸಿಲ್ಲ ಕಣೇ' ಅಂದಳು.
'ಐವತ್ತೆಂಟರವರೆಗೆ ಹಿಂಡಿತು, ಆಣೆ.
ಆಮೇಲೆ ಮದುವೆ ಸೀಜನ್ನು.'
ಕೆಂಪಮ್ಮಣ್ಣಿ ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು.
'ಕೊನೆ ಚೆನ್ನಾಗಿದೆ' ಎಂದರು ಪುಟ್ಟಮಾದಯ್ಯ,
'ಅದಂತೂ ನಿಜ.'

ಪಾಂಡವಪುರ ಕಳೆದು ಸೇತುವೆ.
ಪುಸ್ತಕದವರು ಫೋನಿನವರು ನಿದ್ದೆಯವರು
ಎಲ್ಲರೂ ತಲೆಯೆತ್ತಿದರು.
ಕಾವೇರಿಗೂ ಇಲ್ಲಿ ಮನಸ್ಸು ಎರಡು:
ಪಟ್ಟಣದ ಆಚೆಗೊಂದು, ಈಚೆಗೊಂದು.
ಸಂಗಮದಲ್ಲಿ ಎದುರಾಗಿ
'ಎಲ್ಲಿಗೆ ಬಂತು?' ಅಂತ ಒಂದನ್ನೊಂದು ಕೇಳುತ್ತವೋ ಏನೋ.

ತಸ್ನೀಮ ಪುಸ್ತಕ ಕಿತ್ತುಕೊಂಡಳು,
ರೈಲಿನ ಸದ್ದಿಗಿಂತ ಒಂದು ಎಳೆ ಮೇಲೆ ಓದತೊಡಗಿದಳು.
ಇಂಚರಾ ಒಂದು ಕಿವಿ ಖಾಲಿ ಮಾಡಿದಳು.
'ಹೊರಗೆ ಯಾರೋ ಕೆಮ್ಮಿದರು. ಸುಗುಣಾಬಾಯಿ' –
ಕಡಲೆಕಾಯಿಯವನು ಬಂದ.
ಮತ್ತೆ ಮೊದಲಿಂದ.
'ಹೊರಗೆ ಯಾರೋ' –
ನಾಗನಹಳ್ಳಿ, ಯಾರದೋ ಮಗು, ಯಾರದೋ ಬುತ್ತಿಚೀಲ.
ಮತ್ತೆ ಮೊದಲಿಂದ.

ಮೈಸೂರು ಬರುವ ಹೊತ್ತಿಗೆ ಒಂದೂಕಾಲು ಪುಟ.
ಬಾಗಿಲು ತೆರೆದಳು.
ಯಾರಿದ್ದರು ಅಂತ ಕೇಳಬೇಡಿ,
ಎಲ್ಲರೂ ಇಳಿಯುವ ಗಡಿಬಿಡಿ, ಚಪ್ಪಲಿ ಮೇಲೆ ಚಪ್ಪಲಿ.
ನನಗೆ ಕೇಳಿಸಿದ್ದು ಇಷ್ಟೇ:
ಹಾಲು ಉಕ್ಕಿತು.