ಎರಡನೇ ಹಾಜರಿ ಪುಸ್ತಕ

ತಿಂಗಳ ಕೊನೆಯ ಶನಿವಾರ
ನನ್ನ ಮೇಜಿನ ಮೇಲೆ ಎರಡು ಹಾಜರಿ ಪುಸ್ತಕ.
ಕೆಂಪು ರಟ್ಟಿನದು ನಮ್ಮದು: ಏಳನೇ ಇಯತ್ತೆ, ಹನ್ನೊಂದು ಹೆಸರು.
(ನಾನು ಸೇರಿದ ವರ್ಷ ನಲವತ್ತಮೂರಿತ್ತು. ಇರಲಿ.)
ನೀಲಿಯದು ಮನೆಯಲ್ಲೇ ಕಲಿಯುವ ಮಕ್ಕಳದು.
ಪೊವಾಯಿಯಿಂದ, ಠಾಣೆಯಿಂದ ಬರುತ್ತಾರೆ,
ಮೃಣ್ಮಯಿಯಂತೂ ಉರಣದಿಂದ
ಒಂದು ಲಾಂಚು, ಎರಡು ಬಸ್ಸು, ಒಂದು ಲೋಕಲ್ಲು ಬದಲಿಸಿ.
ವಿಕ್ರೋಲಿಯ ನಮ್ಮ ಕನ್ನಡ ಶಾಲೆಯಲ್ಲಿ ಕೋಣೆಗಳು ಖಾಲಿ ಇದ್ದವು,
ಅವರ ಮನೆಗಳಲ್ಲಿ ಮಕ್ಕಳು ಒಂಟಿ ಇದ್ದವು.
ಕಮಿಟಿಯವರು ಚಹಾ ಕುಡಿದು ಸಹಿ ಹಾಕಿದರು.

ಜೂನಿನಲ್ಲಿ ಶೀನಣ್ಣ ಮೊದಲ ಗಂಟೆ ಹೊಡೆದಾಗ
ಪುಟ್ಟ ಓಜಸ್ ಬಾಗಿಲ ಕಡೆ ತಿರುಗಿದ:
‘ಯಾರು ಬಂದರು?’

ಜುಲೈ: ಹಳಿಯ ಮೇಲೆ ನೀರು. ಮೃಣ್ಮಯಿ ಒಬ್ಬಳೇ.
ಇಬ್ಬರೂ ಕೂತು ಉಪ್ಪಿನಕಾಯಿ ಬಾಟಲಿಯಲ್ಲಿ ಮಳೆ ಅಳೆದೆವು.

ಆಗಸ್ಟಿನ ಪಾಲಕರ ಸಭೆಯಲ್ಲಿ
ಖಾದಿ ಜುಬ್ಬದ ತಂದೆಯೊಬ್ಬರು ಎದ್ದು ನಿಂತು
‘ಮನೆಯೇ ಶಾಲೆ’ ಎಂದು ಇಪ್ಪತ್ತು ನಿಮಿಷ ಹೇಳಿದರು.
ಕೆಂಪು ಪುಸ್ತಕದ ಭೀಮಾಶಂಕರ ಕೊನೆಯ ಬೆಂಚಿನಿಂದ ಕೇಳಿದ:
‘ಮನಿ ಯಾವ್ದರ ಇರ್ಲಿ, ನಡೀತದೇನ್ರೀ ಸರ್?’
‘ಯಾವುದಾದರೂ ಸರಿ ಮಗೂ.’
ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ.

ಅಕ್ಟೋಬರದಲ್ಲಿ ಮಗ್ಗಿ ತಪ್ಪಿದ ನಮ್ಮವನೊಬ್ಬನನ್ನು
ಹಳೇ ಚಾಳಿಯಲ್ಲಿ ಬೆಂಚು ಹತ್ತಿಸಿದೆ.
ಮೃಣ್ಮಯಿ ಅಂಗಲಾಚಿದಳು: ‘ಟೀಚರ್, ನನ್ನನ್ನೂ. ಒಂದೇ ಸಲ.’
ಜನ್ಮದಲ್ಲಿ ಅವಳಿಗೆ ಶಿಕ್ಷೆ ಎಂಬುದೇ ಆಗಿರಲಿಲ್ಲ.
ಹತ್ತಿದವಳು ಕೂಗಿದಳು: ‘ಅಯ್ಯೋ, ಇಲ್ಲಿಂದ ಖಾಡಿ ಕಾಣುತ್ತೆ!’
ಆಮೇಲೆ ಕೆಂಪು ನೀಲಿ ಎನ್ನದೆ ಎಲ್ಲರೂ ಬೆಂಚಿನ ಮೇಲೆ,
ಕಿಟಕಿಯಾಚೆ ಕಾಂದಳ ಕಾಡು, ಅದರಾಚೆ ಬೂದಿಬಣ್ಣದ ನೀರು.
ನೆಲದ ಮೇಲೆ ನಾನೊಬ್ಬಳೇ,
ಹದಿನಾರು ವರ್ಷ ಅದೇ ಕೋಣೆಯಲ್ಲಿ ಕಲಿಸಿದವಳು.

ಡಿಸೆಂಬರ್ ತುಂಬ ಕೆಂಪು ಪುಸ್ತಕದಲ್ಲಿ
ಭೀಮಾಶಂಕರನ ಮುಂದೆ ಗೈ, ಗೈ, ಗೈ.
ಸೈಟು ಮುಲುಂಡಿಗೆ ಹೋಯಿತಂತೆ, ಯಾರೋ ಹೇಳಿದರು.

ಜನವರಿಯ ಕೊನೆಯ ಶನಿವಾರ ಬಂದ.
ಕಂಕುಳಲ್ಲಿ ತಂಗಿ. ರೆಪ್ಪೆಯ ಮೇಲೆ ಸಿಮೆಂಟು.
ನೆಟ್ಟಗೆ ಹೋಗಿ ನೀಲಿಯವರ ಸಾಲಿನಲ್ಲಿ ನಿಂತ.
‘ಈಗ ನಾನೂ ಮನ್ಯಾಗ ಕಲ್ಯಾಕತ್ತೀನ್ರೀ.’

ನೀಲಿ ಪುಸ್ತಕದಲ್ಲಿ ಒಂದು ಅಂಕಣವಿದೆ:
ಈ ತಿಂಗಳು ಮನೆಯಲ್ಲಿ ಕಲಿತದ್ದು.
ಓಜಸ್: ಕಾಗದದ ಕಪ್ಪೆ, ಹಾರುವಂಥದ್ದು.
ಮೃಣ್ಮಯಿ: ಹನ್ನೆರಡು ಹಕ್ಕಿ, ಒಂದರ ಹೆಸರು ಖಾತ್ರಿಯಿಲ್ಲ.
ಅವನು ಯೋಚಿಸಿ ಹೇಳಿದ, ನಾನು ಬರೆದುಕೊಂಡೆ:
ತೂಗುಗುಂಡು ಬಿಟ್ಟು ಗೋಡೆಯ ಸೊಟ್ಟ ನೋಡೋದು.
ಹಸಿ ಗಿಲಾವಿಗೆ ಏಳು ದಿನ ನೀರು ಕುಡಿಸೋದು.
‘ಮತ್ತ, ಎಂಟನೇ ಮಾಳಗಿ ದಾಟಿದ್ರ ಸೊಳ್ಳಿ ಇರಂಗಿಲ್ರೀ.’

ಮನೆಯ ವಿಳಾಸ?
‘ಹದ್ನಾಕನೇ ಮಾಳಗಿ. ಲಿಫ್ಟ್ ಇನ್ನಾ ಹಚ್ಚಿಲ್ಲ. ಗ್ವಾಡಿ ಒಂದ್ ಕಡೀಗಿ ಇಲ್ಲ.’

ಕಾನೂನು ನನಗೆ ಗೊತ್ತು.
ಯಾವ ನಂಬರಿಗೆ ಫೋನು ಮಾಡಬೇಕೆಂಬುದು
ನೋಟೀಸು ಬೋರ್ಡಿನಲ್ಲೇ ಇದೆ, ನನ್ನದೇ ಅಕ್ಷರದಲ್ಲಿ.
ಮಾಡಿದರೆ ಮುಂದಿನ ಶನಿವಾರ ಅವನು ಎಲ್ಲಿರುತ್ತಾನೆ?
ಮಾಡದಿದ್ದರೆ?
ಖಾದಿ ಜುಬ್ಬದವರು ಆ ದಿನ ಬಂದಿರಲಿಲ್ಲ.
ವಿಳಾಸವನ್ನು ಪೆನ್ಸಿಲಿನಲ್ಲಿ ಬರೆದೆ.

ಫೆಬ್ರವರಿಯಲ್ಲಿ ರಬ್ಬರು ತಿಕ್ಕಿ ಹದಿನೇಳು ಎಂದು ತಿದ್ದಿದೆ.
ಕೆಂಪಿನಲ್ಲಿ ಅವನ ಹೆಸರು ಹೊಡೆದುಹಾಕಿಲ್ಲ.
ಕೂಗಿದೆ: ‘ಹಾಜರ್ ರೀ.’
ನೀಲಿಯಲ್ಲೂ ಕೂಗಿದೆ: ‘ಹಾಜರ್ ರೀ.’
‘ಮೋಸ! ಒಬ್ಬನೇ ಎರಡು ಸಲ!’ ಓಜಸ್ ಎದ್ದು ನಿಂತ.
ನಕ್ಕರು ಎಲ್ಲರೂ, ಅವನ ತಂಗಿಯೂ.

ಇವತ್ತು ಮಾರ್ಚಿನ ಶನಿವಾರ. ಶೀನಣ್ಣ ಗಂಟೆ ಹೊಡೆದ.
ಓಜಸನಿಗೀಗ ರೂಢಿಯಾಗಿದೆ, ತಲೆಯೆತ್ತುವುದಿಲ್ಲ.
ಬಾಗಿಲ ಕಡೆ ತಿರುಗಿದ್ದು ನಾನು.