ಐವತ್ತೊಂದು

ಏಣಿ ಹಿಡಿಯುವ ಹುಡುಗ ಇವತ್ತು ಬರಲಿಲ್ಲ.
ಬ್ಯಾಂಕಿನ ಜವಾನ ಅಂದಾನಪ್ಪನೇ ಹಿಡಿದ,
ಒಂದು ಕೈಲಿ ಏಣಿ, ಇನ್ನೊಂದರಲ್ಲಿ ಚಹಾ.
ಕೊಪ್ಪಳದಿಂದ ಬಂದ ಸಾಹೇಬರು ಕೆಳಗೆ ನಿಂತು
ಚೀಟಿ ನೋಡಿ ಓದಿದರು, ಎರಡು ಸಲ:
ರಾಜ್ಯ ಸರ್ಕಾರದ ಪಾಲು ಬಂಡವಾಳ ಶೇಕಡಾ ಐವತ್ತೊಂದು.
ಅಕ್ಷರ ಹೆಸರಿನಷ್ಟೇ ದಪ್ಪ ಇರಬೇಕು, ಅಂದರು.

ಗೋಡೆಯಲ್ಲಿ ಜಾಗ ಎಲ್ಲಿದೆ?
ಎಡದಂಡೆ ವರ್ತಕರ ಸಹಕಾರಿ ಬ್ಯಾಂಕು, ಗಂಗಾವತಿ
ಈ ಮೂಲೆಯಿಂದ ಆ ಮೂಲೆಗೆ ಮಲಗಿದೆ
ಊಟ ಮುಗಿಸಿದ ಸಾವಕಾರನ ಹಾಗೆ.
ಯಾರದಾದರೂ ಕಾಲು ಮಡಚಬೇಕು.
ವರ್ತಕರನ್ನೇ ಸಣ್ಣ ಮಾಡು, ಅಂದರು ಸಾಹೇಬರು.
ನಗಲಿಲ್ಲ.

ಮೊದಲು ಕೆರೆದೆ.
ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಸುಣ್ಣ,
ಸುಣ್ಣದಡಿ ನನ್ನ ಉಸ್ತಾದ ಇಮಾಮಸಾಬರ ಕೈ:
ಸದಸ್ಯರೇ ಮಾಲಕರು.
ಅವರ ಕುಂಚ ಮಾತ್ರ ‘ರ’ದ ಹೊಟ್ಟೆಯನ್ನು ಹಾಗೆ ತುಂಬುತ್ತಿತ್ತು,
ತುಸು ಕೆಳಗೆ ಜಾರಿಸಿ, ತುಂಬಿದ ಬಿಂದಿಗೆ.
ಅವತ್ತು ಏಣಿ ಹಿಡಿದವನು ನಾನು, ಹನ್ನೊಂದು ವರ್ಷ.
ಕೂಲಿಯಲ್ಲೇ ಹತ್ತು ರೂಪಾಯಿಯ ಒಂದು ಷೇರು ಕೊಂಡರು.
ಆಮೇಲೆ ಬ್ಯಾಂಕಿನ ಮುಂದೆ ಸೈಕಲ್ಲನ್ನು
ಸ್ವಂತ ಅಂಗಳದಲ್ಲಿ ನಿಲ್ಲಿಸುವ ಹಾಗೆ ನಿಲ್ಲಿಸುತ್ತಿದ್ದರು,
ಬೀಗ ಹಾಕದೆ.

ಏನಾಯಿತೋ ಊರಿಗೆಲ್ಲ ಗೊತ್ತು.
ಒಂದೇ ಗೋದಾಮಿನ ಭತ್ತದ ಮೇಲೆ ಮೂರು ಹೆಸರಿನ ಸಾಲ.
ಮುಂದಿನ ಸಾಲಿನ ಚೀಲ ಇರಿದು ನೋಡಿದರೆ ಸೋನಾ ಮಸೂರಿ,
ಹಿಂದಿನವೆಲ್ಲ ಹೊಟ್ಟು.
ಇರಿದು ನೋಡುವವರು ಮುಂದೆಯೇ ನಿಂತು ಚಹಾ ಕುಡಿದರು.
ಆಮೇಲೆ ಅರ್ಧ ಇಳಿದ ಶೆಟರು,
ವಾರಕ್ಕೆ ಸಾವಿರ ಎಂಬ ಚೀಟಿ,
ಶೆಟರಿನಡಿ ಬಗ್ಗಿ ಬಗ್ಗಿ ನೋಡಿದ ಮುಖಗಳು.

ಗಿರಣಿ ಕಸ ಗುಡಿಸುವ ಹುಲಿಗೆವ್ವ ಬಂದು ನಿಂತಳು,
ಪಾಸ್‌ಬುಕ್ಕು ಹಾಲಿನ ಪಾಕೀಟಿನೊಳಗೆ.
‘ಏನ್ ಬರಿಯಾಕತ್ತಿ ತಮ್ಮಾ?’
ಓದಿ ಹೇಳಿದೆ.
‘ಶೇಕಡಾ ಅಂದ್ರ?’
‘ನೂರು ಸೇರಿನ ಚೀಲ ಅನಕೋ ಯವ್ವಾ.
ಐವತ್ತೊಂದು ಸೇರು ಸರಕಾರದ್ದು, ಉಳದದ್ದು ಮೊದಲಿನವರದ್ದು.’
ಅವಳು ಯೋಚಿಸಿದಳು, ಪಾಕೀಟು ಈ ಕೈಯಿಂದ ಆ ಕೈಗೆ.
‘ಚೀಲದ ತೂತು ಯಾರ ಪಾಲಿಗೆ?’

ಸಾಹೇಬರು ಫೋನು ಬಂದವರಂತೆ ದೂರ ನಡೆದರು.

‘ಸರಕಾರಕ್ಕ ರೊಕ್ಕ ಎಲ್ಲಿಂದ ಬಂತು?’
ನೀನು ಕೊಂಡ ಸಬಕಾರದಿಂದ, ಬೆಂಕಿಪೊಟ್ಟಣದಿಂದ, ಅಂದೆ.
‘ಹಂಗಾದ್ರ ನನ್ನ ರೊಕ್ಕ ಕೊಟ್ಟು
ನನ್ನ ರೊಕ್ಕ ಬಿಡಿಸಿಕೊಂಡಂಗಾತು.’
ಸಿಟ್ಟಿರಲಿಲ್ಲ ದನಿಯಲ್ಲಿ, ಬರೀ ಕೂಡಿ ಕಳೆದ ಲೆಕ್ಕ.
‘ಇರಲಿ ಬಿಡು. ಶೆಟರಂತೂ ಮ್ಯಾಲೇರ್ತಲ್ಲ’
ಎಂದು ಸರತಿಗೆ ಹೋದಳು.

‘ಸರ್ಕಾರ’ ನನ್ನ ಕೈಗೆ ರೂಢಿಯ ಮಾತು.
ಪಂಪುಮನೆಗೆ, ಶಾಲೆಗೆ, ಹೆಣದ ಕೋಣೆಗೆ ಬರೆದಿದ್ದೇನೆ.
ಅರ್ಕಾವೊತ್ತು ಎಲ್ಲ ಕಡೆಯೂ ಒಂದೇ ಅಳತೆ,
ಬಿಲ್ಲು ಎಲ್ಲ ಕಡೆಯೂ ತಡ.
ಬ್ಯಾಂಕಿಗೆ ಇದೇ ಮೊದಲು.

ಮಧ್ಯಾಹ್ನ ಗಿರಣಿಗಳು ಉಸಿರು ಬಿಟ್ಟವು.
ಕುದಿಸಿದ ಭತ್ತದ ವಾಸನೆ, ಹಿಂದೆಯೇ ಹೊಟ್ಟಿನ ಬೂದಿ,
ಕರಿ ಇರುವೆಯಂತೆ ಹಸಿ ಬಣ್ಣ ಹುಡುಕಿ ಕೂತಿತು.
ಒಣಗಿದ ಮೇಲೆ ಒರೆಸಿದರೆ ಹೋಗುತ್ತದೆ ಸಾಹೇಬರೇ, ಅಂದೆ.
ಹೋಗುವುದಿಲ್ಲ.

ಉಸ್ತಾದರ ಸಾಲನ್ನು ಪೂರ್ತಿ ಕೆರೆಯಲಿಲ್ಲ,
ಮೇಲೊಂದು ತೆಳು ಕೋಟು ಎಳೆದೆ ಅಷ್ಟೇ.
ಐದು ಗಂಟೆಯ ಓರೆ ಬಿಸಿಲಿಗೆ
ಮುದುಕನ ಮುಂಗೈ ನರದಂತೆ
ಆ ಅಕ್ಷರಗಳು ಏಳುತ್ತವೆ. ಸಾಹೇಬರು ನಾಲ್ಕಕ್ಕೇ ಒಳಗೆ ಹೋದರು.

ಕೂಲಿ ಎರಡು ಸಾವಿರದ ಎಂಟುನೂರು, ಚೆಕ್ಕು.
ಇದೇ ಬ್ಯಾಂಕಿನದು.
‘ನಾಳಿ ಬಾ, ಸಾವಿರ ಕೊಡ್ತಾರ’ ಅಂದ ಅಂದಾನಪ್ಪ,
‘ಉಳದದ್ದು ಮುಂದಿನ ವಾರ.’
ಮಡಚಿ ಜೇಬಿಗಿಟ್ಟು, ಏಣಿ ಹೆಗಲಿಗೇರಿಸಿ ತಿರುಗಿದರೆ
ಉಸ್ತಾದರು ಸೈಕಲ್ಲು ನಿಲ್ಲಿಸುತ್ತಿದ್ದ ಜಾಗದಲ್ಲಿ
ಜೀಪು ನಿಂತಿದೆ,
ಡ್ರೈವರನಿಗೆ ನಿದ್ದೆ.