ನಾಕನೇ ಗೇಟು

ಒಂಬತ್ತು ವರ್ಷ ಆತು, ಈ ಬುಕ್ಕಿನ್ಯಾಗ
ಒಂದೇ ಸುಳ್ಳು ಬರ್ಕೋತ ಬಂದೀನಿ:
“ನಾಲ್ಕನೇ ಗೇಟು ಕಸ ಸಿಕ್ಕು ಕೆಟ್ಟಿದೆ. ದುರಸ್ತಿ ನಡೆದಿದೆ.”
ತಾರೀಖು ಬ್ಯಾರೆ ಬ್ಯಾರೆ. ಮಳಿ ಒಂದೇ, ಮಿರಗ.
ಕೆಳಗ ನನ್ನ ಸಹಿ. ಮೌನೇಶ, ದಿನಗೂಲಿ.

ಕಸ ಗಿಸ ಏನೂ ಇಲ್ರಿ.
ಲಾಲಮ್ಮ ಹೇಳಿದ್ಲು, ಎತ್ತಿದೆ.

ಕಬ್ಬಲಿಗ್ಯಾರ ಮುದುಕಿ. ಮೊದಲನೇ ವರ್ಷ
ಭೀಮಾಕ್ಕ ಹೊಸ ನೀರು ಬಂದಿತ್ತು, ಚಹಾದ ಗಸಿ ಹಂಗ ಕೆಂಪಗ.
ಯಾದಗಿರಿ ಆಫೀಸಿಂದ ಫೋನು: ಎಲ್ಲಾ ಮುಚ್ಚು,
ಒಂದು ಹನಿ ಬಿಡಬ್ಯಾಡ.
ಮುಚ್ಚಿದೆ. ಮುದುಕಿ ದಂಡೀಲೆ ನಿಂತು ಕರದ್ಲು,
ಕೆಳಗ ಬಾ, ಕಿವಿ ಕೊಡು.
ಹರಗೋಲಿನ ಹುಟ್ಟು ನೀರಾಗ ನೆಟ್ಟು
ಅದರ ತುದೀಗಿ ನನ್ನ ಕಿವಿ ಒತ್ತಿದ್ಲು.
ಮೊದಲ ನನ್ನ ರಕ್ತದ ಸಪ್ಪಳಾನೇ ಕೇಳ್ತು.
ಆಮ್ಯಾಗ, ಕಬ್ಬಿಣಕ್ಕ ಏನೋ ಬಡೀಲಾಕ್ಹತ್ತದ,
ಒಂದಲ್ಲ, ನೂರು,
ಬಾಗಲಾ ತಟ್ಟಿದಂಗ.

ಗೆಂಡಿ, ಬಾಳಿ, ಚೇಳಮೀನ, ಅಂದ್ಲು. ತತ್ತಿ ತುಂಬ್ಯಾವ.
ಹಡೀಲಾಕ ತವರಿಗಿ ಹೊಂಟಾವ.
ತುಂಬಿದ ಬಸರಿ ಬಾಗಲಿಗಿ ಬಂದ್ರ
ಅಗಳಿ ಹಾಕ್ತಾರೇನೋ ತಮ್ಮಾ, ನಿಮ್ಮ ಮನ್ಯಾಗ?

ದಂಡಿ ಕಡಿದು ಸಾಕು, ಮೊಣಕೈ ಉದ್ದ ಎತ್ತು.
ನಡುವಿಂದು ಬ್ಯಾಡ, ಅಲ್ಲಿ ಸೆಳವು ಹೆಚ್ಚು, ಸೋಲ್ತಾವ.
ಎಷ್ಟು ದಿನ?
ನೊರಿ ಕರಗೂ ಮಟ.
ಅಷ್ಟೂ ದಿನ ಅವರ ಕೇರ್ಯಾಗ ಬಲಿ ಗೋಡಿ ಮ್ಯಾಲ,
ಒಲಿ ಮ್ಯಾಲ ಬರೇ ಪುಂಡಿಪಲ್ಯ.

ಒಂದು ವರ್ಷ ತಪ್ಪಿತು. ಅದನ್ನೂ ಹೇಳಬೇಕಲ್ಲ.
ಮಿರಗ ಮುಖ ತೋರಿಸಿ ಹೋತು, ಆರಿದ್ರಾ ಬರಲೇ ಇಲ್ಲ,
ಬಿಟ್ಟ ನೀರು ಬಿಟ್ಟಂಗೇ ಹೋತು.
ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ನಳ.
ಹೆಂಡ್ತಿ ಖಾಲಿ ಕೊಡ ಕುಕ್ಕಿದ್ಲು:
ಮೀನಿಗಿ ಬಾಣಂತನ ಮಾಡಿದ್ರಲ್ಲ, ಈಗ ಅವನ್ನೇ ಕುಡೀರಿ.
ಲಾಲಮ್ಮನ ಮುಂದ ಹೋಗಿ ಜಗಳಾ ತೆಗದೆ.
ಆಕಿ ಕೈ ತೊಳಕೋತ ಅಂದ್ಲು:
ಹೊಳಿ ನನ್ನ ಮಗಳೇನಪಾ, ಹೇಳಿದಂಗ ಕೇಳಲಾಕ?

ಈ ಸಲ ಹೊಸಾ ಇಂಜಿನಿಯರ್ ಮೇಡಮ್ಮು. ಗೇಟಿಗಿ ಮಷಿನ್ ಕೂಡ್ಸ್ಯಾರ,
ಯಾದಗಿರ್ಯಾಗ ಗುಂಡಿ ಒತ್ತಿದ್ರ ಇಲ್ಲಿ ಬಾಗಲಾ ಇಳೀತಾವ.
ಒಂಬತ್ತೂ ಬುಕ್ಕು ಮೇಜಿನ ಮ್ಯಾಲ ಹರವಿ
ಬಟ್ಟು ಇಟಗೋತ ಓದಿದ್ರು.
ಅವರ ಚಹಾ ಆರಿತು. ನನ್ನ ನೌಕರಿ ಹೋತು ಅನ್ಕೊಂಡೆ.
ಪ್ರತೀ ವರ್ಷ ಇದೊಂದೇ ಗೇಟು ಕೆಡ್ತದ?
ಹೂಂ ರಿ.
ಹೊಸ ನೀರು ಬಂದಾಗೇ?
ಸುಮ್ನಾದೆ.
ಪೆನ್ನಿನ ಟೊಪಗಿ ತೆಗದು, ತಲಿ ಎತ್ತದೇ ಕೇಳಿದ್ರು:
ಈ ವರ್ಷ ಯಾವತ್ತಿನಿಂದ ಕೆಡ್ತದ, ಮೌನೇಶ?

ಕೇಳಿ ಹೇಳ್ತೀನ್ರಿ.

ಮುದುಕೀಗಿ ಈಗ ಕಣ್ಣು ಕಾಣಸೂದಿಲ್ಲ.
ಮಮ್ಮಗಳ ಹೆಗಲ ಹಿಡಿದು ದಂಡಿಗಿ ಇಳಿದು
ನೀರಾಗ ಕೈ ಬಿಟ್ಟು ಕುಂತಾಳ.
ಗೇಟಿನ ಮ್ಯಾಲಿಂದ ನಾ ಕೂಗ್ತೀನಿ.
ಆಕಿ ಇನ್ನೊಂದು ಕೈ ಎತ್ತಿ
ತಡಿ, ಅಂತಾಳ.